ಯಂತ್ರ ನಮ್ಮದು, ಕೀಲಿ ಯಾರದು?

ವಿಜಯಪುರದ ಪಶ್ಚಿಮಕ್ಕಿರುವ ತೊರವಿಯಿಂದ ಆದಿಲ್‌ಶಾಹಿ ಅರಸರು ನಗರಕ್ಕೆ ನೀರು ತಂದದ್ದು ನೆಲದಡಿಯ ಸುರಂಗದಲ್ಲಿ. ಆ ಸುರಂಗದುದ್ದಕ್ಕೂ ಅಲ್ಲಲ್ಲಿ ಬಾಯ್ದೆರೆದ ಬಾವಿಗಳನ್ನು ಬಿಟ್ಟರು. ಹೂಳು ತುಂಬಿದರೆ ಇಳಿದು ತೆಗೆಯಬಹುದಿತ್ತು. ಕಟ್ಟಿದವರು ಅಳಿದ ಮೇಲೂ ಬಳಸುವವರು ದುರಸ್ತಿ ಮಾಡಿಕೊಳ್ಳಲಿ ಎಂಬ ವಿವೇಕ ಅದರಲ್ಲಿತ್ತು. ಅದೇ ಸೀಮೆಯ ತಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಹಳ್ಳಿಗೆ ಇಂದು ಬರುವ ಕಂಪ್ಯೂಟರಿಗೆ ಅಂಥ ಬಾಯಿ ಇದೆಯೆ?

ಬಯಲುಸೀಮೆಯ ಕಂಪ್ಯೂಟರಿನ ಗೊಡವೆ ಮಲೆನಾಡಿಗರಿಗೇಕೆ ಎಂದು ಓದುಗರು ಕೇಳಬಹುದು. ಯಂತ್ರ ಹುಟ್ಟುವುದು ಗಣಿಯಲ್ಲಿ, ಸಾಯುವುದು ಕಸದ ರಾಶಿಯಲ್ಲಿ. ಗಣಿಯೆಂದರೇನೆಂಬುದನ್ನು ಕುದುರೆಮುಖದಲ್ಲಿ 2005ರ ಕೊನೆಯವರೆಗೂ ನಾವು ಕಂಡಿದ್ದೇವೆ. 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇಕಡ 22.3 ಮಾತ್ರ. ಒಂದು ಯಂತ್ರ ಐದು ವರ್ಷ ಹೆಚ್ಚು ಬಾಳಿದರೆ ಎಲ್ಲೋ ಒಂದು ಗುಡ್ಡದ ಮೇಲಿನ ಭಾರ ಅಷ್ಟು ಇಳಿಯುತ್ತದೆ.

ನಗರದ ಕಚೇರಿಯೊಂದು ಬಿಟ್ಟುಕೊಟ್ಟ ಹತ್ತು ವರ್ಷದ ಕಂಪ್ಯೂಟರು ಘೋಣಸಗಿಯ ಮಕ್ಕಳ ಕೈಗೆ ಬಂದಿತೆನ್ನಿ. ಪರದೆಯ ಮೇಲೆ ಚಿತ್ರ ಮೂಡಿಸುವುದು ಅದರ ಗ್ರಾಫಿಕ್ಸ್ ಚಿಪ್ಪು. ಆ ಚಿಪ್ಪಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ನಿಲ್ಲುವುದು ಡ್ರೈವರ್ ಎಂಬ ತಂತ್ರಾಂಶ. ದುಭಾಷಿ ಮೌನಿಯಾದರೆ ಗಟ್ಟಿಮುಟ್ಟಾದ ಚಿಪ್ಪೂ ಕಲ್ಲಿಗೆ ಸಮಾನ. ಈ ದುಭಾಷಿಯನ್ನು ಕಂಪೆನಿಯೇ ಗುಟ್ಟಾಗಿ ಇಟ್ಟುಕೊಂಡರೆ ಯಂತ್ರದ ಆಯುಷ್ಯವನ್ನು ನಿರ್ಧರಿಸುವುದು ಕೊಂಡವರಲ್ಲ, ಮಾರಿದವರು.

ಇದು ಊಹೆಯ ಮಾತಲ್ಲ. ಎನ್‌ವಿಡಿಯಾ ಕಾರ್ಡುಗಳಿಗೆ ಮುಕ್ತ ಡ್ರೈವರ್ ಬರೆಯಲು ಸ್ವಯಂಸೇವಕರು ನೋವೋ ಎಂಬ ಯೋಜನೆಯನ್ನು ಕಟ್ಟಿದರು. ಕಂಪೆನಿ ಕೈಪಿಡಿ ಕೊಡಲಿಲ್ಲ. ಅದರ ಮುಚ್ಚಿದ ಡ್ರೈವರ್ ಚಿಪ್ಪಿಗೆ ಏನು ಹೇಳುತ್ತದೆ, ಚಿಪ್ಪು ಏನು ಮರುನುಡಿಯುತ್ತದೆ ಎಂಬುದನ್ನು ಅವರು ಒಂದೊಂದಾಗಿ ಗಮನಿಸಿ ಬರೆದುಕೊಂಡರು. 2010ರಲ್ಲಿ ಅವರ ಕೃತಿ ಲಿನಕ್ಸ್ ಕರ್ನಲ್ ಸೇರಿತು. ಆದರೆ 2014ರ ಜಿಟಿಎಕ್ಸ್ 900 ಸರಣಿಯಿಂದ ಕಂಪೆನಿ ಹೊಸ ಬೀಗ ಹಾಕಿತು: ತನ್ನ ಡಿಜಿಟಲ್ ಸಹಿಯಿಲ್ಲದ ಫರ್ಮ್‌ವೇರನ್ನು ಕಾರ್ಡು ಒಪ್ಪದು. ಪರಿಣಾಮವಾಗಿ ಮುಕ್ತ ಡ್ರೈವರಿನಡಿ ಆ ಕಾರ್ಡುಗಳು ಪೂರ್ಣ ವೇಗಕ್ಕೆ ಏರಲಾರದೆ ಕುಂಟುತ್ತವೆ. 2022ರಲ್ಲಿ ಕಂಪೆನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು, ಆದರೆ 2018ರ ನಂತರದ ಕಾರ್ಡುಗಳಿಗೆ ಮಾತ್ರ. 2025ರಲ್ಲಿ, 580ನೇ ಸರಣಿಯೇ ಹಳೆಯ ಕಾರ್ಡುಗಳಿಗೆ ಕೊನೆಯದೆಂದು ಸಾರಿತು. ಇನ್ನು ಕೆಲಕಾಲ ಭದ್ರತಾ ತಿದ್ದುಪಡಿಗಳಷ್ಟೇ. ತಾನೂ ನೋಡಿಕೊಳ್ಳುವುದಿಲ್ಲ, ಇತರರಿಗೂ ಕೀಲಿ ಕೊಡುವುದಿಲ್ಲ! ಇದನ್ನು ವ್ಯಾಪಾರದ ಗುಟ್ಟು ಎನ್ನಬೇಕೆ, ಕಸ ಹುಟ್ಟಿಸುವ ಹುನ್ನಾರ ಎನ್ನಬೇಕೆ?

ಗುಟ್ಟು ಬಿಟ್ಟುಕೊಟ್ಟರೆ ಕಂಪೆನಿ ಬದುಕುವುದು ಹೇಗೆ ಎಂಬ ವಾದವುಂಟು. ಎಎಂಡಿ ಕಂಪೆನಿ 2007ರಿಂದ ತನ್ನ ಚಿಪ್ಪುಗಳ ದಾಖಲೆಗಳನ್ನು ಬಹಿರಂಗಪಡಿಸತೊಡಗಿತು, ಅದು ಮುಳುಗಲಿಲ್ಲ. 2002ರಲ್ಲಿ ಹೊರಬಂದ ಆರ್300 ಪೀಳಿಗೆಯ ಕಾರ್ಡುಗಳಿಗೆ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಭಂಡಾರದಲ್ಲಿ ಇಂದಿಗೂ ಡ್ರೈವರ್ ಇದೆ. ಮುಕ್ತವಾದುದೆಲ್ಲ ಅಮರವೆಂದು ನಾವು ಹೇಳುವುದಿಲ್ಲ. ಮೆಸಾ ಕೂಡ 2021ರಲ್ಲಿ ತೀರ ಹಳೆಯ ಕೆಲವು ಡ್ರೈವರುಗಳನ್ನು ಮುಖ್ಯ ಶಾಖೆಯಿಂದ ಹೊರಗಿಟ್ಟಿತು. ಆದರೆ ಅವನ್ನು ಸುಡಲಿಲ್ಲ. ಬೇರೊಂದು ಶಾಖೆಯಲ್ಲಿ, ಬೇಕೆಂದವರು ಎತ್ತಿಕೊಳ್ಳುವಂತೆ ಇಟ್ಟಿತು. ಬಾವಿಯ ಬಾಯಿ ಮುಚ್ಚಲಿಲ್ಲ.

ನಾವು ಕೇಳುತ್ತಿರುವುದು ದಾನವನ್ನಲ್ಲ, ಮಾಹಿತಿಯನ್ನು. ಅಣೆಕಟ್ಟಿನ ವರದಿಗೆ, ಗಣಿಯ ಪರವಾನಗಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿದ ಜನ ನಾವು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಕೈಪಿಡಿ ಕೇಳಲು ಅಳುಕೇಕೆ? ಭಾರತ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆಯ ನೀತಿ ಪ್ರಕಟಿಸಿದೆ. ನೆರೆಯ ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ, ಗ್ನು ಲಿನಕ್ಸ್ ಮೇಲೆಯೇ ಕಲಿಯುತ್ತಿದ್ದಾರೆ. ಹಾಗಿರುವಾಗ ನಮ್ಮ ಶಾಲೆ, ಪಂಚಾಯಿತಿಗಳಿಗೆ ಯಂತ್ರ ಕೊಳ್ಳುವ ಪ್ರತಿ ಟೆಂಡರಿನಲ್ಲೂ ಎರಡು ಷರತ್ತು ಇರಲಿ: ಮುಕ್ತ ಡ್ರೈವರ್ ಇರುವ ಯಂತ್ರವನ್ನಷ್ಟೇ ಕೊಳ್ಳಬೇಕು, ಕಂಪೆನಿ ಬೆಂಬಲ ನಿಲ್ಲಿಸುವ ದಿನವೇ ಕೀಲಿಯನ್ನೂ ದಾಖಲೆಯನ್ನೂ ಸಾರ್ವಜನಿಕರಿಗೆ ಒಪ್ಪಿಸಬೇಕು.

ವಿದ್ಯಾರ್ಥಿ ಮಿತ್ರರೇ, ಡ್ರೈವರಿನ ಆಕರವನ್ನು ಇಳಿಸಿಕೊಂಡು ಸ್ವತಃ ಕಟ್ಟಿ ನೋಡಿ. ದೋಷ ಕಂಡರೆ ವರದಿ ಮಾಡಿ, ತಿಳಿದರೆ ತಿದ್ದಿ. ಕೆರೆಯ ಹೂಳೆತ್ತುವುದು ಎಂತಹ ಊರಿನ ಕೆಲಸವೋ ಇದೂ ಅಂತಹುದೇ. ಆದರೆ ಇಳಿಯಲು ಬಾಯಿ ಬೇಕು. ಅದನ್ನು ತೆರೆಸುವ ಒತ್ತಾಯ ನಮ್ಮ ಗ್ರಾಮಸಭೆಗಳಿಂದಲೇ ಹೊರಡಲಿ.