ಗಾರ್ಡ್ ತೆಗೆಯುವುದು ಅನುಭವವಲ್ಲ

ಪರೀಕ್ಷೆ ಮುಗಿದ ಮರುವಾರವೇ ನಮ್ಮಲ್ಲಿ ಹಲವರು ಕೆಲಸಕ್ಕೆ ಹೋಗುತ್ತಾರೆ. ಕೆಲವರು ಬಟ್ಟೆ ಅಂಗಡಿಗೆ, ಕೆಲವರು ಮೊಬೈಲ್ ರಿಪೇರಿಗೆ, ಇನ್ನು ಕೆಲವರು ಫರ್ನಿಚರ್ ಶೆಡ್ಡಿಗೆ. ಆ ದುಡಿಮೆಯಿಂದ ಪುಸ್ತಕ, ಫೀಸು, ಮನೆಯ ಒಂದಿಷ್ಟು ಖರ್ಚು ಸಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನನ್ನ ಅಬ್ಬ ಬಡಗಿ. ರಜೆಯಲ್ಲಿ ನಾನೂ ಅವರ ಜೊತೆ ಪ್ಲೈವುಡ್ ಹಿಡಿಯುತ್ತೇನೆ. ಹಾಗಾಗಿ ರಜೆ ಬರುವ ಮೊದಲು ಈ ಪುಟದಲ್ಲಿ ಒಂದು ಮಾತು ಹೇಳಬೇಕೆನಿಸಿತು: ಟೇಬಲ್ ಸಾ ಯಂತ್ರದ ಗಾರ್ಡ್ ಬಿಚ್ಚಿ ಮೂಲೆಗೆ ಎಸೆಯುವುದನ್ನು ನಾವು ‘ಅನುಭವ’ ಎಂದು ಕರೆಯುವುದನ್ನು ನಿಲ್ಲಿಸಬೇಕು.

ಟೇಬಲ್ ಸಾ ಎಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಗರಗಸ. ಕೈಗರಗಸದಲ್ಲಿ ಮರ ನಿಂತಿರುತ್ತದೆ, ಗರಗಸ ಹೋಗುತ್ತದೆ. ಇಲ್ಲಿ ಬ್ಲೇಡು ನಿಂತಲ್ಲೇ ತಿರುಗುತ್ತದೆ, ಮರವನ್ನು ನಾವು ಕೈಯಿಂದ ಅದರತ್ತ ತಳ್ಳುತ್ತೇವೆ. ಅಂದರೆ ಪ್ರತಿ ಸಲವೂ ಮರದ ಜೊತೆ ನಮ್ಮ ಬೆರಳೂ ಬ್ಲೇಡಿನ ಕಡೆಗೇ ಪ್ರಯಾಣ ಮಾಡುತ್ತದೆ.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ವೃತ್ತೀಯ ಚಲನೆ ಕಲಿತವರು ಒಂದು ಲೆಕ್ಕ ಮಾಡಿ ನೋಡಿ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರ್. ಏನೋ ಎಡವಟ್ಟಾಗಿದೆ ಎಂದು ತಿಳಿದು ಕೈ ಹಿಂದೆಳೆಯಲು ನಮಗೆ ಒಂದು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬ್ಲೇಡು 13 ಸುತ್ತು ಮುಗಿಸಿರುತ್ತದೆ. ಅದಕ್ಕೆ 40 ಹಲ್ಲುಗಳಿದ್ದರೆ 500ಕ್ಕೂ ಹೆಚ್ಚು ಹಲ್ಲುಗಳು ಆ ಜಾಗವನ್ನು ದಾಟಿರುತ್ತವೆ. ‘ಜಾಗ್ರತೆಯಾಗಿದ್ದರೆ ಸಾಕು’ ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಸಣ್ಣ ಶೆಡ್ಡುಗಳಲ್ಲಿ ಇನ್ನೊಂದು ಪದ್ಧತಿಯಿದೆ. ಟೈಲ್ಸ್ ಕತ್ತರಿಸುವ 4 ಇಂಚಿನ ಮಾರ್ಬಲ್ ಕಟ್ಟರನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಮರದ ಬ್ಲೇಡು ಹಾಕಿ, ಅದನ್ನೇ ಟೇಬಲ್ ಸಾ ಮಾಡಿಕೊಳ್ಳುವುದು. ಟ್ರಿಗರ್ ಒತ್ತಿದ ಸ್ಥಿತಿಯಲ್ಲೇ ಲಾಕ್ ಆಗಿರುತ್ತದೆ. ಆಫ್ ಮಾಡಬೇಕೆಂದರೆ ಗೋಡೆಯ ಸ್ವಿಚ್‌ವರೆಗೆ ನಡೆಯಬೇಕು. ಚಿಕ್ಕ ಬ್ಲೇಡು ಎಂದು ಇದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಇದು ನಿಮಿಷಕ್ಕೆ 12,000 ಸುತ್ತು ತಿರುಗುವ ಯಂತ್ರ. ಅಂಚಿನ ವೇಗ ಗಂಟೆಗೆ 250 ಕಿಲೋಮೀಟರ್ ಹತ್ತಿರ, ಅಂದರೆ ದೊಡ್ಡದಕ್ಕಿಂತಲೂ ಹೆಚ್ಚು. ಗಾರ್ಡ್ ಇಲ್ಲ, ಕೈಗೆಟುಕುವ ಸ್ವಿಚ್ ಇಲ್ಲ. ರಜೆಗೆ ಹೋದ ಹುಡುಗನನ್ನು ಇದರ ಮುಂದೆ ನಿಲ್ಲಿಸಿದರೆ ಅವನು ‘ಆಗುವುದಿಲ್ಲ’ ಎನ್ನಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಪಾಯ ಬೆರಳಿಗೆ ಮಾತ್ರವಲ್ಲ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಗಿಳಿಯುತ್ತವೆ, ಹಿಂಭಾಗದವು ಮೇಲೇಳುತ್ತವೆ. ಕೊಯ್ದ ಮರ ಬಿಗಿದುಕೊಂಡು ಅಥವಾ ಓರೆಯಾಗಿ ಹಿಂಭಾಗದ ಹಲ್ಲಿಗೆ ಸಿಕ್ಕರೆ, ಬ್ಲೇಡು ಅದನ್ನು ಎತ್ತಿ ನಿಂತವನ ಹೊಟ್ಟೆಗೋ ಮುಖಕ್ಕೋ ಎಸೆಯುತ್ತದೆ. ಆ ಕ್ಷಣದಲ್ಲಿ ಮರ ಒತ್ತಿ ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಜಾರಲೂಬಹುದು. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಒಳ್ಳೆಯ ಯಂತ್ರಗಳಲ್ಲಿ ಬ್ಲೇಡಿನ ಹಿಂದೆಯೇ ತೆಳುವಾದ ಒಂದು ಲೋಹದ ತಗಡು ಇರುತ್ತದೆ. ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಗಾರ್ಡ್ ಜೊತೆ ಕಳಚಿ ಎಸೆಯುವುದು ಹೆಚ್ಚಾಗಿ ಇದನ್ನೇ.

ಹಾಗಾದರೆ ಏನು ಮಾಡಬೇಕು? ದುಬಾರಿ ದಾರಿಯೊಂದಿದೆ. ಅಮೆರಿಕದ ಸ್ಟೀಫನ್ ಗ್ಯಾಸ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1999ರಲ್ಲಿ ಅವರು ರೂಪಿಸಿದ ‘ಸಾಸ್ಟಾಪ್’ ವ್ಯವಸ್ಥೆಯಲ್ಲಿ ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಇರುತ್ತದೆ. ಚರ್ಮ ತಾಗಿದೊಡನೆ ಆ ಸಂಕೇತ ಬದಲಾಗಿ, ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲುತ್ತದೆ. ನಾವು ಓದುವ ಭೌತಶಾಸ್ತ್ರ ಬೆರಳು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ನಮ್ಮೂರಿನ ಶೆಡ್ಡಿಗೆ ಅದು ಬರುವವರೆಗೆ ಕಾಯಬೇಕಿಲ್ಲ. ಉಳಿದ ದಾರಿಗಳಿಗೆ ಖರ್ಚೇ ಇಲ್ಲ.

ಕೈ ಬ್ಲೇಡಿನಿಂದ ಒಂದು ಗೇಣಿಗಿಂತ ಹತ್ತಿರ ಹೋಗುವಂತಿದ್ದರೆ ತಳ್ಳಲು ಮರದ ಕೋಲು ಬಳಸಿ. ವೇಸ್ಟ್ ಪ್ಲೈವುಡ್ಡಿನಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು. ಬ್ಲೇಡು ಮರಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲಿರಲಿ. ಗೈಡ್ ಪಟ್ಟಿಯ ಆಸರೆಯಿಲ್ಲದೆ ಬರೀ ಕೈಯಲ್ಲಿ ಮರ ತಳ್ಳಬೇಡಿ. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಹಳೆಯ ಮರವಾದರೆ ಮೊಳೆ ಇದೆಯೇ ಎಂದು ಮೊದಲು ನೋಡಿ. ಕನ್ನಡಕ ಹಾಕಿ, ಆದರೆ ಕೈಗವಸು ಬೇಡ. ಬ್ಲೇಡು ಗವಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉದ್ದ ತೋಳಿನ ಜುಬ್ಬಾ, ವಾಚು, ಇಳಿಬಿಟ್ಟ ಲುಂಗಿ ಇವೂ ಬೇಡ. ಸ್ವಿಚ್ ಆರಿದ ಮೇಲೂ ಬ್ಲೇಡು ತಿರುಗುತ್ತಿರುತ್ತದೆ, ಅದು ಪೂರ್ತಿ ನಿಲ್ಲುವವರೆಗೆ ತುಂಡು ಹೆಕ್ಕಬೇಡಿ. ಹೊಸ ಹುಡುಗರಿಗೆ ಸಾಮಾನ್ಯವಾಗಿ ಸಿಗುವುದು ಹಲಗೆಯ ಆ ತುದಿ ಹಿಡಿಯುವ ಕೆಲಸ. ಅಲ್ಲಿ ನಿಂತವರು ಹಲಗೆಗೆ ಆಸರೆ ಕೊಡಬೇಕೇ ಹೊರತು ಎಳೆಯಬಾರದು. ನೀವು ಎಳೆದರೆ ಈ ತುದಿಯಲ್ಲಿರುವವರ ಕೈ ಅವರ ಹಿಡಿತದಲ್ಲಿ ಇರುವುದಿಲ್ಲ.

ಇದಕ್ಕೆ ಹಿರಿಯ ಮೇಸ್ತ್ರಿಗಳ ಉತ್ತರ ನನಗೆ ಗೊತ್ತು. ‘ಮೂವತ್ತು ವರ್ಷ ಗಾರ್ಡ್ ಇಲ್ಲದೆ ಕೊಯ್ದಿದ್ದೇನೆ, ಏನೂ ಆಗಿಲ್ಲ. ಗಾರ್ಡ್ ಇದ್ದರೆ ಗುರುತು ಕಾಣುವುದಿಲ್ಲ.’ ಇದರಲ್ಲಿ ಅರ್ಧ ಸತ್ಯವಿದೆ. ಮರದಲ್ಲಿ ಗಾಡಿ ತೋಡುವಂಥ ಕೆಲವು ಕೆಲಸಗಳಿಗೆ ಗಾರ್ಡ್ ತೆಗೆಯಲೇಬೇಕು. ಆದರೆ ಆ ಕೆಲಸ ಮುಗಿದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಬರಬೇಕಲ್ಲವೇ? ಮೂವತ್ತು ವರ್ಷದ ಕೈಯನ್ನು ನಾನು ಗೌರವಿಸುತ್ತೇನೆ. ಆ ಕೈ ಮೂರು ದಿನದ ಹುಡುಗನಿಗೆ ಇಲ್ಲ ಎಂಬುದಷ್ಟೇ ನನ್ನ ವಾದ.

1948ರ ಕಾರ್ಖಾನೆ ಕಾಯಿದೆ ಬರೆದವರಿಗೂ ಇದು ತಿಳಿದಿತ್ತು. ಅಪಾಯದ ಯಂತ್ರಭಾಗಗಳಿಗೆ ಭದ್ರವಾದ ತಡೆ ಇರಬೇಕು, ಅಪಾಯವನ್ನು ಪೂರ್ತಿ ತಿಳಿಸಿ ತರಬೇತಿ ಕೊಡದೆ ಚಿಕ್ಕ ವಯಸ್ಸಿನವರನ್ನು ಅಂಥ ಯಂತ್ರಕ್ಕೆ ಹಚ್ಚಬಾರದು ಎಂದು ಅದರಲ್ಲಿತ್ತು. ಆದರೆ ಮೂರು ನಾಲ್ಕು ಜನರ ಶೆಡ್ಡು ಕಾರ್ಖಾನೆ ಎನಿಸಿಕೊಳ್ಳುವುದೇ ಇಲ್ಲ. ಅಲ್ಲಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅಲ್ಲಿ ಕೇಳಬೇಕಾದವರು ನಾವೇ.

ಕೇಳುವುದು ಸುಲಭವಲ್ಲ. ‘ನಾಳೆಯಿಂದ ಬರಬೇಡ’ ಎಂದುಬಿಟ್ಟರೆ ದಿನಗೂಲಿ ಹೋಗುತ್ತದೆ. ಆದ್ದರಿಂದ ಜಗಳದ ಧಾಟಿ ಬೇಡ. ‘ಮೇಸ್ತ್ರಿ, ಗಾರ್ಡ್ ಎಲ್ಲಿದೆ ಹೇಳಿ, ನಾನೇ ತಂದುಕೊಡುತ್ತೇನೆ’ ಎಂದು ಕೇಳಿದರೆ ಸಾಕು. ಬಹಳ ಜನ ಬೈಯುವುದಿಲ್ಲ, ನಗುತ್ತಾರೆ ಅಷ್ಟೆ. ನಕ್ಕರೆ ನಗಲಿ. ಹುಡುಗಿಯರೂ ತಮ್ಮ ಮನೆಯ ಅಣ್ಣನನ್ನೋ ಮಾವನನ್ನೋ ಇದೇ ಪ್ರಶ್ನೆ ಕೇಳಬಹುದು. ಮನೆಯವರು ಕೇಳಿದ್ದಕ್ಕೆ ಶೆಡ್ಡಿನಲ್ಲಿ ಬೆಲೆ ಹೆಚ್ಚು.

ನಮ್ಮ ಕಾಲೇಜಿಗೆ ಎರಡು ವಿನಂತಿಗಳಿವೆ. ಒಂದು, ಬೇಸಿಗೆ ರಜೆಗೆ ಮುಂಚೆ ಒಂದು ಗಂಟೆ, ಸರಿಯಾದ ಕ್ರಮದಲ್ಲಿ ಕೆಲಸ ಮಾಡುವ ಬಡಗಿಯೊಬ್ಬರನ್ನು ಕರೆಸಿ ಈ ಪಾಠ ಮಾಡಿಸಿ. ಅಪಘಾತವಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ಚೀಲವನ್ನು ಐಸಿನ ಮೇಲಿಡಬೇಕು, ನೇರವಾಗಿ ಐಸಿಗೆ ಹಾಕಬಾರದು ಎಂಬುದೂ ಅದೇ ಗಂಟೆಯಲ್ಲಿ ಗೊತ್ತಾಗಲಿ. ಎರಡು, ಬೆಂಚು ಡೆಸ್ಕು ಮಾಡಿಸುವಾಗ ದರ ಕೇಳುವ ಜೊತೆಗೆ ‘ನಿಮ್ಮ ಯಂತ್ರಕ್ಕೆ ಗಾರ್ಡ್ ಇದೆಯೇ’ ಎಂದೂ ಕೇಳಿ. ನಾವು ಕುಳಿತು ಓದುವ ಬೆಂಚು ಯಾರದೋ ಬೆರಳಿನ ಪಕ್ಕದಲ್ಲೇ ಹಾದು ಬಂದಿದೆ. ಗಿರಾಕಿ ಕೇಳುವ ಪ್ರಶ್ನೆಗೆ ಶೆಡ್ಡಿನ ಮಾಲೀಕರು ಉತ್ತರ ಕೊಡಲೇಬೇಕಾಗುತ್ತದೆ.