ಉಪ್ಪಾಗೆಯೂ ನಮ್ಮ ಸೊಂಟದ ಸುತ್ತಳತೆಯೂ

ಕಳೆದ ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದ ಹುಬ್ಬಳ್ಳಿಯ ಗೆಳತಿಯೊಬ್ಬಳು ತಾಂಬೂಲದ ಜೊತೆಗೆ ಒಂದು ಗುಟ್ಟನ್ನೂ ಕೊಟ್ಟಳು. "ಊಟಕ್ಕ ಮೊದಲ ಎರಡು ಮಾತ್ರಿ ನುಂಗು, ಹಳೇ ಜಂಪರ್ ಎಲ್ಲಾ ಹಿಡಸ್ತಾವ ನೋಡು" ಎಂದು ಬಾಟಲಿಯೊಂದನ್ನು ನನ್ನ ಚೀಲಕ್ಕೆ ಹಾಕಿದಳು. ಮನೆಗೆ ಬಂದು ಕನ್ನಡಕ ಏರಿಸಿ ಓದಿದರೆ ಅದರಲ್ಲಿ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂದಿತ್ತು. ಪಕ್ಕದಲ್ಲಿದ್ದ ಹಣ್ಣಿನ ಚಿತ್ರ ನೋಡಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅದು ನಮ್ಮೂರ ಉಪ್ಪಾಗೆ!

ನನ್ನ ತವರು ಸಿದ್ದಾಪುರ ಸೀಮೆ. ಅಘನಾಶಿನಿ ಕೊಳ್ಳದ ನಿತ್ಯಹರಿದ್ವರ್ಣ ಕಾಡಿನ ಉಪ್ಪಾಗೆ, ಮುರುಗಲಿನ ಬಳಗದ್ದು. ಪುಟ್ಟ ಕುಂಬಳಕಾಯಿಯಂತೆ ಗೆರೆಗೆರೆಯಾದ ಹಣ್ಣು, ಬೀಳುವುದು ಮಳೆಗಾಲದಲ್ಲಿ. ಸಿಪ್ಪೆ ಒಣಗಿಸಿದರೆ ಸಾರಿಗೆ ಹುಳಿ. ಕೇರಳದವರು ಕೊಡಂಪುಳಿ ಎಂದು ಮೀನಿಗೆ ಹಾಕುವುದೂ ಇದನ್ನೇ. ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಜಿಡ್ಡು ತೆಗೆದರೆ ಉಪ್ಪಾಗೆ ತುಪ್ಪ. ಹೈನಿಲ್ಲದ ಮನೆಯ ಮಕ್ಕಳು ಅದನ್ನೇ ಉಂಡು ಬೆಳೆದವು. ತುಪ್ಪ ಕೊಟ್ಟ ಹಣ್ಣನ್ನೇ ಇವತ್ತು ನಾವು ಕೊಬ್ಬು ಕರಗಿಸಲು ನುಂಗುತ್ತಿದ್ದೇವೆ.

ನನಗೆ ಉಪ್ಪಾಗೆ ಹೆಕ್ಕಲು ಕಲಿಸಿದವಳು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಕರಿಒಕ್ಕಲಿಗರ ಅಜ್ಜಿ. ಮರ ಅಲುಗಿಸಲು ಹೋದರೆ ಗದರುತ್ತಿದ್ದಳು: "ಬ್ಯಾಡ ತಂಗಿ. ಬಿದ್ದದ್ದು ನಮ್ದು, ಮೇಲಿದ್ದದ್ದು ಸಿಂಗಳೀಕಂದು." ಅಕ್ಷರ ಬಾರದ ಆಕೆಗೆ ಯಾವ ಮರ ಹಣ್ಣು ಬಿಡುವ ಹೆಣ್ಣು, ಯಾವುದು ಬರೀ ಹೂ ಬಿಡುವ ಗಂಡು ಎಂಬುದೆಲ್ಲ ಗೊತ್ತಿತ್ತು. ಗಂಡುಮರ ಕಡಿದರೆ ಹೆಣ್ಣುಮರ ಬಂಜೆ ಎನ್ನುತ್ತಿದ್ದಳು. ಅದೇ ಕೊಳ್ಳದಲ್ಲಿ ಸರ್ಕಾರ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿಸಿತು. ಅಜ್ಜಿ ತನ್ನ ಪಾಲಿನ ಮೀಸಲನ್ನು ಎಂದೋ ಘೋಷಿಸಿದ್ದಳು.

1990ರ ದಶಕದಲ್ಲಿ ಈ ಸಿಪ್ಪೆಯ ಆಮ್ಲ ಮೈ ಇಳಿಸುತ್ತದೆಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿತು. ಬೆಲೆ ಏರಿತು, ಕಾಡಿಗೆ ಜನ ನುಗ್ಗಿದರು. ಹಣ್ಣಾಗುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಹಸಿಕಾಯಿ ಬಡಿದರು, ಕೈಗೆಟುಕದ ಕೊಂಬೆ ಕಡಿದರು. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಲು ಬಿಸಿಲೆಲ್ಲಿ? ಹಗಲೂ ರಾತ್ರಿ ಬೆಂಕಿ, ಅದಕ್ಕೆ ಮತ್ತೆ ಅದೇ ಕಾಡಿನ ಸೌದೆ. ಆ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಕೂತವರು ಹೆಂಗಸರು. ನಮ್ಮ ತವರಿನ ಅಟ್ಟದ ಮೇಲೂ ಹಸಿಕಾಯಿಯ ಸಿಪ್ಪೆಯಿತ್ತು, ಮಾರಿದ ದುಡ್ಡಿನಲ್ಲಿ ನನಗೂ ಒಂದು ಸೀರೆ ಬಂತು. ಒಂದು ಮಳೆಗಾಲ ಅಜ್ಜಿಯೂ ಕೊಕ್ಕೆ ಹಿಡಿದಿದ್ದಳು. ಕೇಳಿದ್ದಕ್ಕೆ, "ನಾ ಬಿಟ್ರೆ ಬ್ಯಾರೆಯವ್ರು ಬಿಡ್ತಾರಾ ತಂಗಿ?" ಎಂದು ಮುಖ ತಿರುಗಿಸಿದಳು.

ಕಾಡಿನವರೇ ಕಾಡು ಹಾಳುಮಾಡಿದರು ಎನ್ನುವವರಿಗೆ ನನ್ನ ಉತ್ತರ ಅಜ್ಜಿಯ ಈ ಮಾತಿನಲ್ಲೇ ಇದೆ. ಕಾಯುವವಳಿಗೆ ಹಕ್ಕಿಲ್ಲ, ಮೊದಲು ಬಡಿದವನಿಗೆ ಹಣ್ಣು ಎಂದಾದಾಗ ಯಾವ ನೇಮ ಉಳಿದೀತು? ವ್ಯಾಪಾರಿ ಹಣ್ಣು ಒಯ್ದ, ಬಿಟ್ಟುಕೊಡಬೇಕೆಂಬ ನೇಮವನ್ನು ಕಾಡಿನಲ್ಲೇ ಎಸೆದು ಹೋದ. ಅರ್ಧ ಜ್ಞಾನ ಕದ್ದರೆ ಆಗುವುದೇ ಹೀಗೆ.

2006ರ ಅರಣ್ಯ ಹಕ್ಕು ಕಾಯ್ದೆ ಕಾಡುವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಒಡೆತನ ಕೊಡುತ್ತದೆ, ನಿಜ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ತರಬೇಕು. ಒಂದೊಂದು ಮರದ ಜಾತಕ ಬಲ್ಲ ಹೆಂಗಸು ಯಾವ ಕಾಗದ ತಂದಾಳು? ಅವಳ ತಿಳಿವಳಿಕೆಯೇ ಸಾಕ್ಷ್ಯವೆಂದು ಒಪ್ಪಬೇಕು. ಹಣ್ಣು ಎಂದು ಹೆಕ್ಕಬೇಕು, ಎಷ್ಟು ಬಿಡಬೇಕು ಎಂಬುದನ್ನು ಆ ಊರಿನ ಹೆಂಗಸರು ಕೂತು ತೀರ್ಮಾನಿಸುವಂತಾಗಬೇಕು.

ಇಷ್ಟೆಲ್ಲ ಆದ ಮೇಲೂ ಮಾತ್ರೆ ಕೆಲಸ ಮಾಡುತ್ತದೆಯೇ? 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿದ್ದರು. ಸುಳ್ಳುಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೇಳಿಕೊಳ್ಳುವಷ್ಟು ಹೆಚ್ಚೇನೂ ಇಳಿಯಲಿಲ್ಲ. ಇಂಥ ಮಾತ್ರೆಗಳಿಂದ ಯಕೃತ್ತು ಕೆಟ್ಟ ವರದಿಗಳೂ ಆಮೇಲೆ ಬಂದಿವೆ. ಇಪ್ಪತ್ತೈದು ವರ್ಷ ಕಳೆದರೂ ಬಾಟಲಿ ಮಾತ್ರ ಅಂಗಡಿಯಿಂದ ಇಳಿದಿಲ್ಲ. ಏಕೆಂದರೆ ಅಲ್ಲಿ ಮಾರಾಟವಾಗುತ್ತಿರುವುದು ಹಣ್ಣಲ್ಲ, ನಮ್ಮ ಮೈಯ ಬಗ್ಗೆ ನಮಗೇ ಇರುವ ನಾಚಿಕೆ. ಎರಡು ಹೆತ್ತ ಸೊಂಟ ಮದುವೆಯ ಫೋಟೋದಲ್ಲಿದ್ದಂತೆಯೇ ಇರಬೇಕೆಂದು ನಮಗೆ ಹೇಳಿಕೊಟ್ಟವರು ಯಾರು? ಅವರ ಮಾತಿಗೆ ನಾವು ತೂಗಿದ ತಲೆಗೆ ದಂಡ ಕಟ್ಟಿದ್ದು ನಮ್ಮ ಮುಖವನ್ನೇ ಕಾಣದ ಒಂದು ಕಾಡು.

ಬಾಟಲಿಯನ್ನು ಗೆಳತಿಗೆ ಹಿಂದಿರುಗಿಸಿದೆ. ಜೊತೆಗೆ ತವರಿನಿಂದ ತಂದ ಒಂದು ಹಿಡಿ ಒಣ ಉಪ್ಪಾಗೆ ಸಿಪ್ಪೆಯನ್ನೂ ಕೊಟ್ಟೆ, ಬಿದ್ದ ಹಣ್ಣಿನದು. "ತೂಕ ಇಳಿಸೂದಿಲ್ಲ ಇದು, ಸಾರಿಗೆ ಹಾಕು" ಎಂದೆ. ಮರುದಿನ ಫೋನ್ ಮಾಡಿದಳು. ಸಾರು ರುಚಿಯಾಗಿತ್ತಂತೆ, ಎರಡು ತುತ್ತು ಹೆಚ್ಚೇ ಉಂಡಳಂತೆ.