ಇಸವಿ ಇಲ್ಲದ ಸೋಲು

ಇತಿಹಾಸದ ಉತ್ತರಪತ್ರಿಕೆಯಲ್ಲಿ ಇಸವಿ ಬರೆಯದವರಿಗೆ ನಾನು ಅರ್ಧ ಅಂಕ ಕಡಿಯುತ್ತಿದ್ದುದು, ಖಾನಾಪುರದಲ್ಲಿಯೂ ಬೆಳಗಾವಿಯಲ್ಲಿಯೂ ನನ್ನ ಕೈಕೆಳಗೆ ಕಲಿತವರಿಗೆಲ್ಲ ನೆನಪಿರಬಹುದು. ಕೆಲವರು ಅದಕ್ಕಾಗಿ ಇಂದಿಗೂ ಮುನಿಸಿಕೊಂಡಿದ್ದಾರೆ. ಇರಲಿ. ಆ ವಿಷಯದಲ್ಲಿ ನಾನು ಮೆತ್ತಗಾಗಿಲ್ಲ. ಇಂದು ಅದೇ ಜಗಳವನ್ನು ಕುಸ್ತಿ ಕಣಕ್ಕೆ ಒಯ್ಯುವವನಿದ್ದೇನೆ.

2024ರ ನವೆಂಬರ್ 16, ಶನಿವಾರ. ಟಿಳಕವಾಡಿಯ ನಮ್ಮ ಮನೆಗೆ ತಂಗಿಯ ಮಗ ಸಂಸಾರಸಮೇತ ಬಂದಿದ್ದ. ಬೆಳಗಿನ ಚಹದ ಹೊತ್ತಿಗೆ ಅವನ ಮಗ ಮೊಬೈಲಿನಲ್ಲಿ ಮೈಕ್ ಟೈಸನ್‌ನ ಬಾಕ್ಸಿಂಗ್ ನೋಡುತ್ತ ಕುಳಿತಿದ್ದ. ಎದುರಾಳಿ ಜೇಕ್ ಪಾಲ್ ಎಂಬ 27ರ ತರುಣ, ಯೂಟ್ಯೂಬಿನಿಂದ ಹೆಸರು ಮಾಡಿದವನು. ಟೈಸನ್‌ಗೆ 58. ಎಂಟು ಸುತ್ತು ಮುಗಿದು ಅಂಕಗಳ ಮೇಲೆ ಟೈಸನ್ ಸೋತ.

“ಅಜ್ಜಾ, ಟೈಸನ್ ಟೈಸನ್ ಅಂತಿದ್ರಿ, ಯೂಟ್ಯೂಬ್ ಹುಡುಗನ ಕೈಲೆ ಸೋತ ನೋಡ್ರಿ” ಎಂದು ಹುಡುಗ ನಕ್ಕ. ಅದು ಹುಡುಗಾಟ. ಆದರೆ ಅವನ ತಂದೆ, ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು, “ಮೊದಲೂ ಹಂಗ ಇದ್ದಿರಬೇಕು ಬಿಡು ಮಾಮಾ, ಸುಮ್ಮನ ದೊಡ್ಡದು ಮಾಡಿದ್ರು” ಎಂದಾಗ ನನಗೆ ತಡೆಯಲಾಗಲಿಲ್ಲ.

ಇಂಥ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. 1981ರ ಡಿಸೆಂಬರಿನಲ್ಲಿ ಟ್ರೆವರ್ ಬರ್ಬಿಕ್ ಎಂಬವನು ಮಹಮ್ಮದ್ ಅಲಿಯನ್ನು ಸೋಲಿಸಿದ. ಅದೇ ಬರ್ಬಿಕ್‌ನನ್ನು 1986ರಲ್ಲಿ, ಇಪ್ಪತ್ತು ವರ್ಷದ ಟೈಸನ್ ಎರಡನೆಯ ಸುತ್ತಿನಲ್ಲಿಯೇ ಉರುಳಿಸಿದ. ಸೋಲು–ಗೆಲುವುಗಳನ್ನು ಇಸವಿಯಿಲ್ಲದೆ ಕೂಡಿಸಿದರೆ ಅಲಿಗಿಂತ ಬರ್ಬಿಕ್ ದೊಡ್ಡವನು, ಬರ್ಬಿಕ್‌ಗಿಂತ ಟೈಸನ್, ಟೈಸನ್‌ಗಿಂತ ಜೇಕ್ ಪಾಲ್! ಹಾಗಾದರೆ ಅಲಿ ಈ ಹುಡುಗನ ಮುಂದೆ ಯಾವ ಮೂಲೆಗೆ?

ಅಲಿಯೆಂದರೆ ಯಾವ ಅಲಿ, ಇದನ್ನು ಮೊದಲು ಕೇಳಬೇಕು. ಸೈನ್ಯಕ್ಕೆ ಸೇರಲು ನಿರಾಕರಿಸಿದ್ದಕ್ಕಾಗಿ 1967ರಿಂದ ಮೂರೂವರೆ ವರ್ಷ ಆತನನ್ನು ಕಣದಿಂದ ದೂರವಿಟ್ಟರು. ಅದಕ್ಕೂ ಮುಂಚಿನ ಆ ಕುಣಿಯುವ ಕಾಲು ಮತ್ತೆ ಬರಲಿಲ್ಲ. 1974ರಲ್ಲಿ ಕಿನ್ಶಾಸಾದಲ್ಲಿ ಗೆದ್ದವನು ಬೇರೆಯೇ ಅಲಿ: ಹಗ್ಗಕ್ಕೆ ಒರಗಿ ಫೋರ್‌ಮನ್‌ನ ಹೊಡೆತಗಳನ್ನು ತಿಂದು, ಆತ ದಣಿದ ಮೇಲೆ ಕೆಡವಿದವನು. 1980ರಲ್ಲಿ ಲ್ಯಾರಿ ಹೋಮ್ಸ್‌ನ ಮುಂದೆ ನಿಂತವನಂತೂ ಮೂರನೆಯವನು, 38ರವನು, ಹತ್ತು ಸುತ್ತಿನ ನಂತರ ಅವನ ಕಡೆಯವರೇ ಪಂದ್ಯ ನಿಲ್ಲಿಸಿದರು. ಅದೇ ಹೋಮ್ಸ್ 1988ರಲ್ಲಿ, ತನಗೂ 38 ಆಗಿದ್ದಾಗ, ಟೈಸನ್‌ನ ಎದುರು ನಾಲ್ಕನೆಯ ಸುತ್ತಿನಲ್ಲಿ ಬಿದ್ದ.

“ಹಾಗಾದರೆ ಸೋತವರಿಗೆಲ್ಲ ವಯಸ್ಸೇ ನೆಪವೇ?” ಎಂದು ಸೋದರಳಿಯ ಕೇಳಿದ. ಅಲ್ಲ. ಫೋರ್‌ಮನ್ 1994ರಲ್ಲಿ, 45ನೆಯ ವಯಸ್ಸಿನಲ್ಲಿ ಮತ್ತೆ ವಿಶ್ವಪಟ್ಟ ಗೆದ್ದ. ಮೊದಲು ಹೋಗುವುದು ಕಾಲು, ಆಮೇಲೆ ಕಣ್ಣಿನ ಚುರುಕು. ಹೊಡೆತದ ಭಾರ ಎಲ್ಲಕ್ಕಿಂತ ಕೊನೆಗೆ. ಫೋರ್‌ಮನ್ ಬದುಕಿದ್ದು ಆ ಭಾರದ ಮೇಲೆ, ಅಲಿಯ ಬಂಡವಾಳ ಕಾಲು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಮೊದಲು ಕೈಕೊಡುವುದು ದಮ್ಮು.

ನಮ್ಮವರ ಹೆಮ್ಮೆಗೂ ಇದೇ ನಿಯಮ ಅನ್ವಯಿಸಬೇಕು. ಗಾಮಾ ಪೈಲವಾನ 1928ರಲ್ಲಿ ಪಟಿಯಾಲಾದಲ್ಲಿ ಪೋಲಂಡಿನ ಝಬಿಸ್ಕೋನನ್ನು ನಿಮಿಷದೊಳಗೆ ಚಿತ್ ಮಾಡಿದ್ದನ್ನು ತಾಲೀಮಿನ ಹಿರಿಯರು ಮೀಸೆ ತಿರುವಿ ಹೇಳುತ್ತಿದ್ದರು. ಆಗ ಇಬ್ಬರೂ ಐವತ್ತರ ಅಂಚಿನಲ್ಲಿದ್ದರು. ನಾನಾದರೆ 1910ರ ಲಂಡನ್ನಿನ ಕುಸ್ತಿಯನ್ನು ಎಣಿಸುತ್ತೇನೆ. ಇಬ್ಬರೂ ಭರದಲ್ಲಿದ್ದ ಕಾಲವದು. ಎರಡೂವರೆ ತಾಸಿನ ಮೇಲೆ ನಡೆದು ಸಮನಾಯಿತು. ಝಬಿಸ್ಕೋ ಬಹುಪಾಲು ನೆಲ ಕಚ್ಚಿಯೇ ಕುಳಿತಿದ್ದ. ಗಾಮಾನ ಅಳತೆ ಅಲ್ಲಿದೆ.

ನಮ್ಮ ಜಿಲ್ಲೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರು ಈ ದೃಷ್ಟಿಯಿಂದ ಪುಣ್ಯವಂತರು. 2020ರಲ್ಲಿ ಅವರು ತೀರಿಕೊಂಡಾಗಲೂ ಹೆಸರಿನ ಬೆನ್ನಿಗೆ 1959 ಎಂಬ ಇಸವಿಯೇ ಬಂತು, ಮೊದಲ ಹಿಂದ್ ಕೇಸರಿಯಾದ ವರ್ಷ. ಎಲ್ಲ ಪೈಲವಾನರಿಗೂ ಆ ಭಾಗ್ಯವಿಲ್ಲ.

ಇದನ್ನು ನಾನು ಇಷ್ಟು ಕಟುವಾಗಿ ಹೇಳಲು ಕಾರಣವಿದೆ.

1977. ಖಾನಾಪುರ ತಾಲೂಕಿನ ಒಂದು ಶಾಲೆಯಲ್ಲಿ ನಾನು ಹೊಸ ಮಾಸ್ತರ. ನಮ್ಮ ಸಿಪಾಯಿ ಹಿಂದೊಮ್ಮೆ ಹೆಸರಾಂತ ಪೈಲವಾನರು. ಮುರಿದು ಮುದ್ದೆಯಾದ ಕಿವಿಗಳೇ ಅದಕ್ಕೆ ಸಾಕ್ಷಿ. ಮಕ್ಕಳು ಅವರನ್ನು ಪೈಲವಾನ ಕಾಕಾ ಎನ್ನುತ್ತಿದ್ದರು. ವಯಸ್ಸು 46, ಎಡಮೊಳಕಾಲು ಸರಿಯಿರಲಿಲ್ಲ. ಜಾತ್ರೆಯ ಪಂಚರು ಅವರನ್ನು ಹೊರಗಿನ 23ರ ಒಬ್ಬ ಪೈಲವಾನನೊಡನೆ ಜೋಡಿ ಹಾಕಿದರು. ಮಗಳ ಮದುವೆ ಹತ್ತಿರವಿದ್ದುದರಿಂದ ಕಾಕಾ ಇನಾಮಿನ ಆಸೆಗೆ ಒಪ್ಪಿದರು. ಮಂದಿ ಕೂಡಿಸಲು ಕರಪತ್ರ ಬೇಕಾಯಿತು. ಅದರ ಒಕ್ಕಣೆ ನನ್ನದು. “ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಮಲ್ಲ” ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಎಂದು, ಯಾವ ವಯಸ್ಸಿನಲ್ಲಿ ಎಂಬುದನ್ನು ಬರೆಯಲಿಲ್ಲ. ಬರೆದಿದ್ದರೆ ಮಂದಿ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಹಲಗೆಯ ಸದ್ದಿನ ನಡುವೆ ನಾಲ್ಕು ನಿಮಿಷಕ್ಕೆ ಎಲ್ಲ ಮುಗಿಯಿತು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ನಾನು ಸಿಳ್ಳೆ ಹೊಡೆಯಲಿಲ್ಲ, ಆದರೆ ನಕ್ಕೆ. ಗೆದ್ದ ಹುಡುಗನ ಮುಂದಿನ ಕರಪತ್ರಗಳಲ್ಲೆಲ್ಲ ಕಾಕಾ ಅವರ ಹೆಸರು ಕೆಡವಿದವರ ಯಾದಿಯಲ್ಲಿ ಬಂತು. ಅಲ್ಲಿಯೂ ಇಸವಿ ಇರಲಿಲ್ಲ.

ಮರುದಿನ ಹತ್ತೂವರೆಗೆ ಗಂಟೆ ಸರಿಯಾಗಿಯೇ ಬಾರಿಸಿತು. ಹಾಜರಿ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು, ಕಾಕಾ ಮೆಲ್ಲಗೆ ಹೇಳಿದರು: “ಮಾಸ್ತರ್ರ, ಹೆಸರಿನ ಬಾಜೂಕ ನನ್ನ ವಯಸ್ಸೂ ಬರೀಬೇಕಿತ್ರಿ ನೀವು.”

ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಕಡಿಯುವ ಪದ್ಧತಿಯನ್ನು ನಾನು ಆರಂಭಿಸಿದ್ದು ಆ ವರ್ಷದಿಂದ.

ಆ ಕರಪತ್ರ ನನ್ನ ಬಳಿ ಉಳಿದಿಲ್ಲ. ಖಾನಾಪುರದ ಕಡೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅದರ ಒಂದು ಪ್ರತಿ ಸಿಕ್ಕರೆ ದಯವಿಟ್ಟು ನನಗೆ ತಲುಪಿಸಿ. ಕಾಕಾ ಈಗಿಲ್ಲ; ಅವರ ಮೊಮ್ಮಗನಿಗೆ ಕೊಡುವ ಮೊದಲು ಅದರಲ್ಲಿ ನಾನು ಎರಡು ಅಂಕಿ ಬರೆಯಬೇಕಾಗಿದೆ.